ರೂಪಕದ ಖಾಲಿ

ಸುಂಯ್ ಎನ್ನುವ ಸದ್ದು, ಒಗ್ಗರಣೆಗೆ ಎಣ್ಣೆ ಕಾಯುವಾಗ ಬರುತ್ತದಲ್ಲ ಹಾಗೆ, ಸಾಸಿವೆ ಇನ್ನೂ ಬಿದ್ದಿಲ್ಲ, ಬರೀ ಟೇಪು ಸುತ್ತುವ ಸದ್ದು — ಎಂಟು ವರ್ಷ ತಂಬೂರಿ ಪೆಟ್ಟಿಗೆಯ ತಳದಲ್ಲಿ, ಪೊಲೀಸರು ಕೊಟ್ಟ ಖಾಕಿ ಲಕೋಟೆಯೊಳಗೆ ಬಿದ್ದಿದ್ದ ಕ್ಯಾಸೆಟ್ಟು ಇನ್ನೂ ತಿರುಗುತ್ತದೆ ಅಂತ ಸುಹಾಸಿನಿ ಅಂದುಕೊಂಡಿರಲಿಲ್ಲ, ಪೆಟ್ಟಿಗೆಗೆ ಗೆದ್ದಲು ಹತ್ತಿತೇನೋ ನೋಡೋಣ ಎಂದು ತೆರೆದರೆ ಇದು, ವಾಕ್‌ಮನ್ ನುಜ್ಜುಗುಜ್ಜಾಗಿದೆ, ಬ್ಯಾಟರಿ ಸೋರಿ ಹಸಿರುಗಟ್ಟಿದೆ, ಕ್ಯಾಸೆಟ್ಟಿಗೆ ಮಾತ್ರ ಒಂದು ಗೀರೂ ಇಲ್ಲ, ತಮ್ಮ ಅತುಲ ಹೋದ, ಇದು ಉಳಿಯಿತು, ಇದಕ್ಕೇನು ಧಾಡಿಯಾಗಿತ್ತು. ಹಿಂದೆ ಸುತ್ತಲಿಲ್ಲ ಅವಳು, ಮನೆಯ ಟೇಪ್ ರೆಕಾರ್ಡರಿಗೆ ಹಾಕಿ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಚ್ಚಿದಳು, ತಮ್ಮನ ಕಿವಿ ಎಲ್ಲಿ ಬಿಟ್ಟಿತೋ ಅಲ್ಲಿಂದ. ಸಣ್ಣಗೆ ಹಚ್ಚಬೇಕು, ಆಚೆ ಕೋಣೆಯಲ್ಲಿ ಅಪ್ಪ ಉಂಡು ಮಲಗಿದ್ದಾರೆ, ಏಕನಾಥ ಮಾಸ್ತರು, ಧಾರವಾಡದ ಎಷ್ಟೋ ಮಕ್ಕಳಿಗೆ ಸಾ ಹಚ್ಚಿಕೊಟ್ಟವರು, ಅವರಿಗೆ ಕೇಳಿಸಿತೋ ಮುಗಿಯಿತು, ಆ ಹಾಡೇ ನನ್ನ ಮಗನ್ನ ತಿಂತು, ಕಿವಿಯೊಳಗ ಅದನ್ನ ತುರುಕ್ಕೊಂಡು ಹೊಂಟಿದ್ದ, ಲಾರಿ ಹಾರ್ನು ಹ್ಯಾಂಗ ಕೇಳಬೇಕು ಅವಗ — ಬಂದವರಿಗೆಲ್ಲ ಇದೇ ಮಾತು, ಆ ಮಾತನ್ನು ಹಿಡಿದುಕೊಂಡೇ ಅವರು ಬದುಕಿದ್ದಾರೆ, ಅದೂ ಇಲ್ಲದಿದ್ದರೆ ಎಂದೋ ಹೋಗಿಬಿಡುತ್ತಿದ್ದರು. ಖರೇನೇ ಇದೇ ತಿಂದಿತೇ, ಅಷ್ಟು ಗೊತ್ತಾದರೆ ಸಾಕು ಅವಳಿಗೆ, ಹೌದಾದರೆ ಒಲೆಗೆ ಹಾಕಿಬಿಡುತ್ತಾಳೆ.

ಆರ್ಗನ್ನು ಧಡಲ್ಲನೆ ಎದ್ದಿತು, ಎದ್ದದ್ದು ಕೂಡಲೊಲ್ಲದು, ಎಷ್ಟು ಜಂಬವಪ್ಪ ಇವರಿಗೆ, ಹಾಡುವವನನ್ನು ಮರೆತು ತಾನೇ ಬಾರಿಸುತ್ತ ಕೂತ ತಬಲಾದವನ ಹಾಗೆ, ಮುಗಿಯಿತು ಅನ್ನುವಷ್ಟರಲ್ಲಿ ಮತ್ತೊಂದು ತಿಹಾಯಿ, ಅದೇ ತುಣುಕು ಮೂರು ಸಲ, ಅದರ ಮೇಲೊಂದು ಗಿಟಾರು, ಇದಕ್ಕೇ ಅತುಲ ಊಟ ಬಿಟ್ಟಿದ್ದನೇ, ಅವಳಿಗೆ ಸಿಟ್ಟು ಬರುತ್ತದೆ, ಸತ್ತವನ ಮೇಲೂ ಬರುತ್ತದೆ — ಆಮೇಲೆ ಎಲ್ಲ ಅಡಗಿ ಒಂದೇ ದನಿ ಉಳಿಯಿತು, ದಣಿದ ಗಂಡಸಿನ ದನಿ, ಶಬ್ದ ತಿಳಿಯುವುದಿಲ್ಲ, ಕೆಳಗೆ ಯಾವುದೋ ವಾದ್ಯ ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದು ನಿಂತಿದೆ, ಅವನು ಪಂಚಮಕ್ಕೆ ಹತ್ತಿ ಅಲ್ಲೇ ನಿಂತಾಗ ಅವಳು ಬಾಗಿ ಟೇಪಿಗೆ ಕಿವಿ ಹಚ್ಚಿದಳು, ಹಾಳಾದದ್ದು, ಛಲೋ ಇದೆ, ಛಲೋ ಇರಬಾರದಿತ್ತು. ಈ ಕ್ಯಾಸೆಟ್ಟು ಮನೆಗೆ ಬಂದ ದಿನವೂ ಹೀಗೇ ಮಧ್ಯಾಹ್ನ, ಅತುಲ ವಿದ್ಯಾನಗರದ ಕಾಲೇಜಿನ ಗೆಳೆಯನಿಂದ ಕಾಪಿ ಮಾಡಿಸಿಕೊಂಡು ತಂದಿದ್ದ, ಅಪ್ಪಾ ಕೇಳ್ರಿ, ಎಪ್ಪತ್ತನೇ ಇಸವಿ ಸುಮಾರಿಂದು, ಪ್ರೋಗ್ರೆಸಿವ್ ರಾಕ್ ಅಂತಾರ, ಒಂದ ಹಾಡು ಒಂದು ಬಾಜೂ ಪೂರಾ ಅದ, ನಮ್ಮ ಬಡಾ ಖ್ಯಾಲ್ ಇದ್ದಂಗ. ಅಪ್ಪ ಕಣ್ಣು ಮುಚ್ಚಿ ಕೇಳಿದರು, ಬಹಳ ಹೊತ್ತು ಕೇಳಿದರು, ಕೊನೆಗೆ ಒಂದು ಕಣ್ಣು ತೆರೆದು, ಇನ್ನೂ ಸುತಿ ಕೂಡಿಸ್ಲಿಕ್ಕತ್ತಾರೇನೋ — ಅತುಲ ನೆಲಕ್ಕೆ ಬಿದ್ದು ನಕ್ಕಿದ್ದ, ಅವಳೂ ನಕ್ಕಿದ್ದಳು, ಈ ಮನೆಯಲ್ಲಿ ಮೂವರೂ ಕೂಡಿ ನಕ್ಕದ್ದು ಅದೇ ಕಡೆಯದು. ಇಲ್ಲಿ ಕೇಳ್ರಿ ಅಪ್ಪಾ, ಏಳು ಮಾತ್ರಾ, ಇದು ನಮ್ಮ ರೂಪಕ ತಾಳ. ಆಗ ನಗೆ ನಿಂತಿತು. ಏಳು ಎಣಿಸಿದ್ರ ರೂಪಕ ಆಗ್ತದೇನು, ಇದರಾಗ ಖಾಲಿ ಎಲ್ಲದ ತೋರಸು.

ಖಾಲಿ. ಬೇರೆ ತಾಳಗಳಿಗೆ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ, ಚಪ್ಪಾಳೆ, ರೂಪಕಕ್ಕೆ ಮಾತ್ರ ಮೊದಲನೆಯದೇ ಖಾಲಿ, ಚಪ್ಪಾಳೆ ತಟ್ಟಬಾರದು, ಬಲಗೈ ಹೊರಗೆ ಬೀಸಿ ಅಂಗೈ ಮೇಲೆ ಮಾಡಬೇಕು, ಮಾಡದಿದ್ದರೆ ಮುಂಗೈ ಮೇಲೆ ಅಪ್ಪನ ಬೆತ್ತ, ಖಾಲಿ ಮನಸಿನ್ಯಾಗಲ್ಲ, ಕೈಯಾಗ ಬರಬೇಕು, ನಿದ್ದ್ಯಾಗ ಎಬ್ಬಿಸಿದ್ರೂ ಬರಬೇಕು, ಬಂತು, ಅಕ್ಕ ತಮ್ಮ ಇಬ್ಬರಿಗೂ ಬಂತು, ಸಾಲಿಗೆ ಹೋಗುವಾಗ ದಾರಿಯಲ್ಲಿ ಕೈ ಬೀಸುತ್ತಿದ್ದರು, ಎದುರು ಬಂದವರು ತಮ್ಮನ್ನು ಕರೆದರೆಂದು ನಿಂತುಬಿಡುತ್ತಿದ್ದರು. ಅದೆಲ್ಲ ಈಗ ಯಾಕೆ, ಟೇಪು ಮುಗಿಯುತ್ತ ಬಂತು, ಸ್ವಲ್ಪ ಹಿಂದೆ ಸುತ್ತಬೇಕು, ಅದು ನಿಂತಿದ್ದ ಜಾಗಕ್ಕೂ ಸ್ವಲ್ಪ ಹಿಂದಕ್ಕೆ, ಅವನು ಕಡೆಗೆ ಕೇಳಿದ್ದೇನು ಅಂತ ಒಮ್ಮೆ ಕೇಳಿಬಿಡಬೇಕು. ಸುತ್ತಿದಳು, ಹಚ್ಚಿದಳು.

ಡ್ರಮ್ಮು, ಕೆಳಗೆ ದಪ್ಪ ತಂತಿ, ಮೂರು ಎರಡು ಎರಡು, ಮೂರು ಎರಡು ಎರಡು, ಅದೇ ಏಳು, ಆರ್ಗನ್ನು ಇನ್ನೂ ಬಂದಿಲ್ಲ, ಓಡಿಸಿಕೊಂಡು ಹೋಗುವ ನಡೆ, ಇದು ಛಲೋ ಇದೆ ಅಂದುಕೊಳ್ಳುವಷ್ಟರಲ್ಲಿ ಅವಳ ಬಲಗೈ ತೊಡೆಯಿಂದ ಎದ್ದು ಹೊರಗೆ ಬೀಸಿತು, ಅಂಗೈ ಮೇಲೆ, ಮತ್ತೊಮ್ಮೆ, ಬೀಸಿದ ಕೈ ಹಾಗೇ ನಿಂತಿತು — ಅಂವಾ ಕೈ ಮಾಡಿದನ್ರೀ. ಯಾರು ಅಂದದ್ದು ಇದನ್ನು, ಲಾರಿ ಡ್ರೈವರ್ ದ್ಯಾಮಣ್ಣ, ಪೊಲೀಸ್ ಸ್ಟೇಷನ್ನಿನ ಗೋಡೆಗೆ ಆತು ಕೂತು ಅಳುತ್ತಿದ್ದ, ರಾಯಾಪುರದ ಹತ್ರ ನಾ ಹಾರ್ನ್ ಹೊಡದೇನ್ರಿ, ಹುಡುಗ ಲೂನಾ ನಿಧಾನ ಮಾಡಿ ಬಲಗೈ ಬೀಸಿದ, ಮುಂದ ಹೋಗು ಅಂತ, ನಾ ಮುಂದ ಹಾಕಿದ್ನಿರಿ, ಎದುರಿಗೆ ಬಸ್ಸು ಬಂತು, ಎಡಕ್ಕ ಒತ್ತಿದ್ನಿ — ಸುಳ್ಳಾ, ಅಪ್ಪ ಅವನ ಕೊರಳಪಟ್ಟಿ ಹಿಡಿದಿದ್ದರು, ನನ್ನ ಮಗಾ ಹಾಡಿನ ಗುಂಗಿನ್ಯಾಗ ಇದ್ದಾ, ಅಂವ ಹ್ಯಾಂಗ ಕೈ ಮಾಡ್ಯಾನು. ಕೋರ್ಟಿನಲ್ಲೂ ಯಾರೂ ನಂಬಲಿಲ್ಲ, ದ್ಯಾಮಣ್ಣ ಜೇಲಿಗೆ ಹೋದ, ಹೋಗುವಾಗಲೂ ಅದೇ ಮಾತು, ಖರೇನೇ ಕೈ ಮಾಡಿದನ್ರೀ ಅಂವ. ಮಾಡಿದ್ದ. ದಾರಿ ಬಿಡಲಿಕ್ಕೆ ಮಾಡಿದ್ದಲ್ಲ, ಸಮ್ ಬಂದಿತ್ತು, ಅಪ್ಪಗ ತೋರಿಸಬೇಕಿತ್ತು ಖಾಲಿ ಎಲ್ಲದ ಅಂತ, ಸಿಕ್ಕಿತ್ತು ಅವನಿಗೆ, ರಾಯಾಪುರದ ರಸ್ತೆಯ ಮೇಲೆ ಸಿಕ್ಕಿತ್ತು, ಎಕ್ಸಲೇಟರ್ ಬಿಟ್ಟು ಕೈ ಬೀಸಿದ, ಸಾವಿರಾರು ಮೈಲಿ ದೂರ ಕೂತು ಹಾಡಿದ ಇಂಗ್ಲಿಷರು ಏನು ಮಾಡಿಯಾರು, ಆ ಕೈ ಈ ಮನೆಯದು. ಬಾಗಿಲು ಸದ್ದಾಯಿತು. ಅಪ್ಪ. ಧೋತರದ ಚುಂಗು ಹಿಡಿದುಕೊಂಡು, ಕಣ್ಣು ಕೆಂಪಾಗಿವೆ, ಯಾಕ ತಗದಿ ಅದನ್ನ, ಸುಹಾಸಿನಿ, ಬಂದ್ ಮಾಡು, ನನ್ನ ಮಗನ್ನ ತಿಂದದ್ದು ಅದು. ಹೇಳಬೇಕು, ಹೇಳಿದರೆ ಇವರು ಉಳಿಯುವುದಿಲ್ಲ, ಹೇಳದಿದ್ದರೆ ದ್ಯಾಮಣ್ಣ ಸುಳ್ಳನಾಗಿಯೇ ಸಾಯುತ್ತಾನೆ, ಅಪ್ಪಾ ಅಂದಳು, ಬಂದ್ ಮಾಡು ಅಂದ್ನೆಲ್ಲಾ, ಅನ್ನುತ್ತಿದ್ದಾರೆ ಅಪ್ಪ, ಅನ್ನುತ್ತಲೇ ಇದ್ದಾರೆ, ಟೇಪು ತಿರುಗುತ್ತಿದೆ, ಮೂರು ಎರಡು ಎರಡು, ಅವರಿಗೇ ಗೊತ್ತಿಲ್ಲದೆ ಧೋತರ ಬಿಟ್ಟು ಮೇಲೆದ್ದಿದೆ ಅವರ ಬಲಗೈ, ಹೊರಗೆ ಬೀಸಿದೆ, ಅಂಗೈ ಮೇಲೆ, ಹೋಗು ಮುಂದ ಹೋಗು ಅನ್ನುವ ಹಾಗೆ, ಮತ್ತೆ ಸಮ್, ಮತ್ತೆ ಆ ಕೈ, ಬೀಸಿದ ಆ ಕೈ