ಎದುರಾಳಿ ಕಂಡರೆ ಬಾಯಿ ಬಿಡಿ

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ತೈಸ್ತೊ ಕೆಂಪ್ಪೈನೆನ್ ಆಟದ ನಡುವೆಯೇ ಹೆಡ್‌ಫೋನ್ ತೆಗೆದಿಟ್ಟು ಮನೆಗೆ ಹೋದರು.

ಕಯಾನಿ ಪಟ್ಟಣದ ನಿವೃತ್ತರ ಸಂಘದಲ್ಲಿ ಐವರ ತಂಡವೊಂದಿದೆ. ಗ್ರಂಥಾಲಯದ ಕಂಪ್ಯೂಟರ್‌ಗಳಲ್ಲಿ ಅವರು ಗುಂಡು ಹಾರಿಸುವ ಆಟ ಆಡುತ್ತಾರೆ. ತೈಸ್ತೊ ಆ ಐವರಲ್ಲಿ ಒಬ್ಬರು. ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ಅವರು ಬೇಟೆಗೆ ಹೋಗುವುದನ್ನು ಬಿಟ್ಟಿದ್ದರು; ಮನೆಯಿಂದ ಹೊರಡುತ್ತಿದ್ದದ್ದು ಈ ಆಟಕ್ಕೆ ಮಾತ್ರ.

ಚಳಿಗಾಲವೆಲ್ಲ ಕಂಪ್ಯೂಟರನ್ನೇ ಎದುರಾಳಿ ಮಾಡಿಕೊಂಡು ಆಡಿ ಗೆದ್ದಿದ್ದರು. ಮನುಷ್ಯರೆದುರು ಆಡತೊಡಗಿದ ಮೇಲೆ ಬರೀ ಸೋಲು. ಆ ದಿನ ಎದುರು ತಂಡದ ಅಪರಿಚಿತನೊಬ್ಬ ಪರದೆಯ ಮೇಲೆ ಬರೆದಿದ್ದ: "ಆ ಮುದುಕ ಮನುಷ್ಯನಾ, ಮರದ ಬೊಂಬೆನಾ?"

ಸಂಜೆ ತಂಡದ ನಾಯಕಿ ಕೈಸು ಮನೆಗೆ ಬಂದರು. ಅವರು ತೈಸ್ತೊ ಜೊತೆ ಹಲವು ವರ್ಷ ಬೇಟೆಯಾಡಿದವರು. ತೈಸ್ತೊ ಹೆಂಡತಿ ಹೆಲ್ವಿ ಕಾಫಿ, ಏಲಕ್ಕಿ ಬನ್ ತಂದಿಟ್ಟರು.

"ಇವನ್ನ ಬಿಟ್ಟುಬಿಡು ಕೈಸು," ಎಂದರು ಹೆಲ್ವಿ. "ಮೊಮ್ಮಕ್ಕಳ ವಯಸ್ಸಿನವರ ಹತ್ರ ಬೈಸ್ಕೊಳ್ಳೋದು ಯಾವ ಕರ್ಮ?"

"ನನ್ನ ಕೈ ನಿಧಾನ," ಎಂದರು ತೈಸ್ತೊ. "ಕಂಪ್ಯೂಟರ್ ಆದ್ರೆ ದಿನಾ ಅದೇ ಬಾಗಿಲಿಂದ ಬರುತ್ತೆ. ಈ ಜನ ಎಲ್ಲಿ ಅಡಗಿರ್ತಾರೋ ದೇವರಿಗೇ ಗೊತ್ತು."

"ನನ್ನ ಕೈಯೇನು ಮಿಂಚಾ? ಇವತ್ತು ಆಟದಲ್ಲಿ ಸಾಯೋ ಮುಂಚೆ ನಿಂಗೆ ಯಾರೂ ಕಾಣಲಿಲ್ವಾ?" ಕೈಸು ಕೇಳಿದರು.

"ಕಂಡ್ರು. ಗೋದಾಮಿನ ಹಿಂದೆ ಇಬ್ಬರು."

"ಮತ್ತೆ ನಮಗ್ಯಾಕೆ ಹೇಳಲಿಲ್ಲ?"

"ನೀವೆಲ್ಲ ಆಡ್ತಾ ಇದ್ರಿ. ಮಧ್ಯೆ ಮಾತಾಡಿ ತೊಂದ್ರೆ ಯಾಕೆ ಅಂತ."

ಹೆಲ್ವಿ ನಕ್ಕುಬಿಟ್ಟರು. "ಮದುವೆ ಆದಾಗಿಂದ ಹೀಗೇ. ಮನೆಗೆ ಬೆಂಕಿ ಬಿದ್ರೂ ಕಾಫಿ ಮುಗಿಸಿ ಹೇಳ್ತಾನೆ."

ಕೈಸು ನಗಲಿಲ್ಲ. "ಬೇಟೇಲಿ ನಿನ್ನ ಮುಂದೆ ಮೂಸ್ ಜಿಂಕೆ ಹಾದುಹೋದ್ರೆ ವಾಕಿಟಾಕೀಲಿ ಹೇಳ್ತಿರ್ಲಿಲ್ವಾ?"

"ಹೇಳದೇ ಇರ್ತೀನಾ! ಯಾವ ಕಡೆ ಹೋಯ್ತು, ಎಷ್ಟಿದ್ವು, ಎಲ್ಲಾ."

"ಇಲ್ಲೂ ಅಷ್ಟೇ ಹೇಳು."

"ಮೂಸ್ ತಿರುಗಿ ಗುಂಡು ಹೊಡೆಯಲ್ವಲ್ಲ!"

"ಅದಕ್ಕೇ ಇನ್ನೂ ಬೇಗ ಹೇಳ್ಬೇಕು ಮಾರಾಯ. ನೀನು ಸತ್ರೂ ಆ ಇಬ್ಬರನ್ನ ನಾವು ಹಿಡೀತೀವಿ. ಸೋತ ಆಟದ ರೆಕಾರ್ಡಿಂಗ್ ಇನ್ನೊಂದ್ಸಲ ಹಾಕಿ ನೋಡು, ಎಲ್ಲಿಂದ ಹೊಡೆದ್ರು ಅಂತ. ಮನುಷ್ಯರಿಗೂ ಅಡಗೋಕೆ ಇಷ್ಟದ ಜಾಗ ಅಂತ ಇರುತ್ತೆ."

"ಬೈಗುಳಕ್ಕೇನ್ ಮಾಡ್ತೀರ?" ಹೆಲ್ವಿ ಬಿಡಲಿಲ್ಲ.

"ಎದುರು ತಂಡದವರ ಬರಹ, ಮಾತು ಎರಡನ್ನೂ ಬಂದ್ ಮಾಡೋ ಬಟನ್ ಇದೆ. ನಾನು ಆಟ ಶುರುವಾಗೋ ಮುಂಚೇನೇ ಒತ್ತಿಬಿಡ್ತೀನಿ. ಇವನಿಗೆ ಅದನ್ನ ತೋರಿಸದೇ ಇದ್ದದ್ದು ನನ್ನ ತಪ್ಪು."

ತೈಸ್ತೊ ಬನ್ ಮುರಿಯುತ್ತಿದ್ದರು. ಹೆಲ್ವಿ ಅವರನ್ನೇ ನೋಡಿದರು. "ಹೋಗು. ಇಲ್ಲಿ ಇಡೀ ದಿನ ಕಿಟಕಿ ನೋಡ್ಕೊಂಡು ಕೂರೋದಕ್ಕಿಂತ ಅಲ್ಲಿ ಹೋಗಿ ಸಾಯೋದೇ ಮೇಲು."

"ಆಯ್ತು," ಎಂದರು ತೈಸ್ತೊ.

ಓದುಗರೇ, ಕಂಪ್ಯೂಟರ್ ಎದುರು ಗೆದ್ದವರು ಮನುಷ್ಯರೆದುರು ಸೋಲುವುದು ಸಹಜ. ಹೊಸದರಲ್ಲಿ ಎಲ್ಲರೂ ಸೋಲುತ್ತಾರೆ. ವಯಸ್ಸನ್ನು ದೂರುವ ಮೊದಲು, ಕಂಡದ್ದನ್ನು ಜೊತೆಯವರಿಗೆ ಹೇಳಿ. ಬೈಯುವವರ ಮಾತು ಬಂದ್ ಮಾಡುವ ಬಟನ್ ಎಲ್ಲಿದೆ ಎಂದು ತಿಳಿದುಕೊಂಡೇ ಆಟಕ್ಕೆ ಕೂರಿ. ನಿಮ್ಮ ತಂಡದ ಒಬ್ಬರು ಬರುವುದನ್ನು ನಿಲ್ಲಿಸಿದ್ದರೆ, ಅವರ ಮನೆಗೆ ಹೋಗಿ ಮಾತಾಡಿಸಿ.

ಗುರುವಾರ ತೈಸ್ತೊ ಆಡಲು ಬಂದರು. ತಂಡ ಮೊದಲ ಆಟ ಸೋತಿತು, ಆಮೇಲಿನದನ್ನು ಗೆದ್ದಿತು. ಎದುರಾಳಿ ಎಲ್ಲಿದ್ದಾರೆಂದು ಕೂಗಿ ಕೂಗಿ, ಮನೆಗೆ ಮರಳಿದಾಗ ತೈಸ್ತೊ ಅವರ ಗಂಟಲು ಕಟ್ಟಿತ್ತು.