ಹೆಬ್ಬೆರಳಿನ ಕಣ್ಣು

ನಮ್ಮ ಮುದ್ದತ್ತೆ, ಅಪ್ಪನ ಅಕ್ಕ, ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಎಳೆ ಕೆಚ್ಚುವವಳು. ಮಗ್ಗದ ಮೇಲಿನ ಹಾಸು, ಅಂದರೆ ಉದ್ದ ಎಳೆಗಳು, ಮುಗಿಯುತ್ತ ಬಂದಾಗ ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿರುಚಿ ಸೇರಿಸುವ ಕೆಲಸ. ಸಾವಿರಾರು ಎಳೆ, ಕೂಡಿಸಿದ್ದು ಕೈಗೂ ಸಿಗಬಾರದು. ಅತ್ತೆ ಎಳೆ ನೋಡುವುದೇ ಇಲ್ಲ. ಬೀದಿಯ ಸುದ್ದಿಯೆಲ್ಲ ಆಡುತ್ತ ಕೆಚ್ಚುತ್ತಾಳೆ.

ಮಾತೆಂದರೆ ಅವಳದೇ. ನನಗೆ ಹೊಸಬರೆದುರು ಮಾತೇ ಹೊರಡುವುದಿಲ್ಲ. ಕಾಲೇಜಿನ ಕೌಂಟರಿನಲ್ಲಾಗಲಿ, ಬಸ್ಸಿನಲ್ಲಿ ಸೀಟು ಕೇಳುವಾಗಲಾಗಲಿ, ನನ್ನ ಪರವಾಗಿ ಬಾಯಿ ತೆರೆದವಳು ಅವಳು. ‘ಹರ್ಷಿತಾಳ ಡಿಗ್ರಿಯಲ್ಲಿ ಅರ್ಧ ಮುದ್ದಕ್ಕಂದು’ ಎಂದು ಅಪ್ಪ ನಗುತ್ತಿರುತ್ತಾನೆ. ಸುಳ್ಳಲ್ಲ.

ದೀಪಾವಳಿಗೆ ಮುಂಚೆ ಅವಳ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗಿದ್ದು ಕಂಡೆ. ಆಗಷ್ಟೇ ಗಿಳಿಹಸಿರು ಹಾಸು ಕೆಚ್ಚಿ ಬಂದಿದ್ದಳು.

“ಏಮೀ ಲೇದು ಕಣೇ, ಏನೂ ಇಲ್ಲ, ಬಣ್ಣ ಅಂಟೈತೆ,” ಎಂದಳು.

ಮುಂದಿನ ಮನೆಯ ಹಾಸು ಕುಂಕುಮದ ಬಣ್ಣದ್ದು, ಅದರಾಚೆಯದು ಅರಿಶಿನದ್ದು. ಉಗುರು ಮಾತ್ರ ಹಸಿರಾಗಿಯೇ ಉಳಿದು, ಒಂದು ಮೂಲೆ ಕಪ್ಪಿಗೆ ತಿರುಗಿತು. ಸೋಪು ಹಾಕಿ ತಿಕ್ಕಿದಳು, ಸೀಮೆಎಣ್ಣೆ ಸವರಿದಳು. ಪಕ್ಕದ ಮನೆಯ ನಿರ್ಮಲಕ್ಕ ಬಂದು, “ಉಗುರುಸುತ್ತು ಇದು, ನಿಂಬೆಹಣ್ಣು ಚುಚ್ಕೊ,” ಎಂದಳು. ಅತ್ತೆ ಬೆರಳಿಗೆ ನಿಂಬೆಹಣ್ಣಿನ ಟೋಪಿ ಹಾಕಿಕೊಂಡೇ ಮಲಗತೊಡಗಿದಳು. ನೋವೇ ಇರಲಿಲ್ಲ, ಆದರೆ ಉಗುರಿನ ತುದಿ ಮಾಂಸ ಬಿಟ್ಟು ಮೇಲೇಳುತ್ತಿತ್ತು.

ಒಂದು ದಿನ ನೇಕಾರ ರಾಮಾಂಜನೇಯನ ಮಗ್ಗದಲ್ಲಿ ಆ ತುದಿಗೆ ರೇಷ್ಮೆ ಸಿಕ್ಕಿ ಒಂದು ಹಿಡಿ ಎಳೆ ಕಿತ್ತುಬಂತು. ಅವನು ಬೈಯಲಿಲ್ಲ. “ಸ್ವಲ್ಪ ದಿನ ಕೈಗೆ ರೆಸ್ಟ್ ಕೊಡು ಮುದ್ದಕ್ಕ,” ಎಂದನಂತೆ. ಮನೆಗೆ ಬಂದವಳು ಸೋಪು ಹಿಡಿದು ಮತ್ತೆ ಉಗುರು ತಿಕ್ಕಿದಳು. ಬೈದಿದ್ದರೇ ವಾಸಿಯಿತ್ತು.

“ಡಾಕ್ಟ್ರ ಹತ್ರ ಹೋಗಾನ ಬಾ ಅತ್ತೆ.”

“ಉಗುರು ಕಿತ್ತಾಕ್ತಾರೆ. ಆಮ್ಯಾಲೆ ಬರೋದು ದಪ್ಪ, ಸೊಟ್ಟ. ಎಳೆ ಸಿಗಾಕಿಲ್ಲ. ಕೆಚ್ಚೋಕೆ ಬರದಿದ್ರೆ ಈ ಊರಾಗೆ ನಾನು ಯಾರೇ ಹರ್ಷಿ?”

ಮರುದಿನ ಬೆಳಿಗ್ಗೆ ಹಟ ಹಿಡಿದು ಚಳ್ಳಕೆರೆ ಬಸ್ಸು ಹತ್ತಿಸಿದೆ. ಊರು ಹತ್ತಿರವಾಗಿ ಎಣ್ಣೆ ಮಿಲ್ಲಿನ ವಾಸನೆ ಮೂಗಿಗೆ ಬಂದಾಗ ಅವಳು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಚರ್ಮದ ಡಾಕ್ಟರ್ ಪ್ರೇಮಲತಾ ಮೇಡಂ ಕೇಳಿದರು, “ಏನಮ್ಮ ತೊಂದರೆ?”

“ಮಂಡಿ ನೋವ್ರಿ,” ಎಂದುಬಿಟ್ಟಳು ನನ್ನತ್ತೆ. ಹೆಬ್ಬೆರಳು ಸೆರಗಿನೊಳಗಿತ್ತು.

“ಮಂಡಿಗೆ ನಾನಲ್ಲಮ್ಮ, ಮೂಳೆ ಡಾಕ್ಟರನ್ನ ನೋಡಬೇಕು. ಎದುರುಗಡೆಯೇ ಇದ್ದಾರೆ, ಚೀಟಿ ಬರೆದುಕೊಡ್ತೀನಿ.” ಮೇಡಂ ಪೆನ್ನು ತೆಗೆದುಕೊಂಡರು.

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಎಲ್ಲ ಕಡೆ ನನ್ನ ಬಾಯಾಗಿದ್ದವಳು ಈಗ ಚೀಟಿಗೆ ಕಾಯುತ್ತ ಕೂತಿದ್ದಳು. ನಾನು ಎದ್ದು ನಿಂತೆ. ಹೇಗೋ ಮಾತು ಹೊರಬಿತ್ತು.

“ಮಂಡಿ ಅಲ್ಲ ಮೇಡಂ! ಹೆಬ್ಬೆರಳು!”

ಎಷ್ಟು ಜೋರಾಗಿ ಅಂದರೆ, ಹೊರಗೆ ಕೂತಿದ್ದವರು ಬಗ್ಗಿ ನೋಡಿದರು. ಆಮೇಲೆ ಹಸಿರು ಹಾಸು, ಕುಂಕುಮದ ಹಾಸು, ನಿಂಬೆಹಣ್ಣು ಎಲ್ಲ ಹೇಳಿಬಿಟ್ಟೆ.

ಮೇಡಂ ಸ್ಪಿರಿಟ್ ಹತ್ತಿಯಿಂದ ಉಗುರು ಒರೆಸಿ ತೋರಿಸಿದರು. ಹತ್ತಿ ಬೆಳ್ಳಗೇ ಇತ್ತು. “ಬಣ್ಣ ಮೇಲಿಲ್ಲ, ಅಡಿಯಲ್ಲಿದೆ. ಉಗುರು ಎದ್ದ ಸಂದಿಯಲ್ಲಿ ಒದ್ದೆ ನಿಂತರೆ ಒಂದು ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತೆ. ಈ ಹಸಿರು ಅದರದ್ದು. ಹಗಲು ಪಾತ್ರೆ, ಸೋಪು ಅಂತ ನೀರಲ್ಲಿ ಕೈ, ರಾತ್ರಿಯಿಡೀ ನಿಂಬೆಹಣ್ಣು. ಒಣಗೋಕೆ ಎಲ್ಲಿ ಬಿಟ್ಟಿದ್ದೀರಮ್ಮ?”

“ಕೀಳ್ತೀರಾ?” ಅತ್ತೆಯ ದನಿ ಆಗ ಹೊರಟಿತು.

“ಯಾಕೆ ಕೀಳಲಿ? ಎದ್ದಿರೋದನ್ನಷ್ಟೇ ಕತ್ತರಿಸ್ತೀನಿ. ನೋವಾಗಲ್ಲ.”

ನೋವಾಗಲೂ ಇಲ್ಲ. ಫಂಗಸ್ಸೂ ಇದೆಯೇ ಎಂದು ತಿಳಿಯಲು ತುಂಡನ್ನು ಪರೀಕ್ಷೆಗೆ ಕಳಿಸಿದರು. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು, ಇರಲಿಲ್ಲ. ಪಾತ್ರೆ ತೊಳೆಯುವಾಗ ಹತ್ತಿಯ ಗ್ಲೌಸ್ ಮೇಲೆ ರಬ್ಬರ್ ಗ್ಲೌಸ್, ಬೆರಳು ಸದಾ ಒಣಗಿರಬೇಕು, ಉಗುರಡಿಗೆ ಬೆಳಿಗ್ಗೆ ಸಂಜೆ ಔಷಧಿಯ ಹನಿ. ಊದಿಕೊಂಡರೆ, ಕೀವು ಬಂದರೆ ತಡಮಾಡದೆ ಬನ್ನಿ ಎಂದರು.

ಮೆಡಿಕಲ್ ಶಾಪಿನ ಓಬಳೇಶ ಚೀಟಿ ನೋಡಿ, “ಇದು ಕಣ್ಣಿನ ಡ್ರಾಪ್ಸು. ಕಣ್ಣು ಯಾರ್ದು?” ಎಂದ.

“ಆ ಬ್ಯಾಕ್ಟೀರಿಯಾಕ್ಕೆ ಇದೇ ಆಗುತ್ತಂತೆ, ಉಗುರಿಗೆ ಬರೆದಿದ್ದಾರೆ,” ಎಂದೆ ನಾನು.

“ಉಗುರಿಗಾ?” ಅವನು ನಕ್ಕ.

ಅತ್ತೆ ಕೌಂಟರಿಗೆ ಕೈ ಊರಿದಳು. “ಯಾಕಪ್ಪ, ನಮ್ ಹೆಬ್ಬೆರಳಿಗೂ ಕಣ್ಣೈತೆ. ಇಲ್ದಿದ್ರೆ ಕರೆಂಟ್ ಹೋದಾಗ ಎಳೆ ಹೆಂಗ್ ಸಿಕ್ಕಾವು? ಕೊಡು ಅತ್ಲಾಗೆ.”

ಬಾಯಿ ವಾಪಸ್ಸು ಬಂದಿತ್ತು. ಅಷ್ಟು ಸಾಕೆನಿಸಿತು ನನಗೆ.

ಪರೀಕ್ಷೆಯಲ್ಲಿ ಫಂಗಸ್ ಇಲ್ಲವೆಂದು ಬಂತು. ಹನಿ ಹಾಕುವ ಕೆಲಸ ನನ್ನದಾಯಿತು. ಬುಡದಿಂದ ಗುಲಾಬಿ ಉಗುರು ನಿಧಾನವಾಗಿ ಮೇಲೆ ಬಂತು. ಯುಗಾದಿಯ ಹೊತ್ತಿಗೆ ತುದಿಯಲ್ಲಿ ಉಳಿದಿದ್ದ ಹಸಿರು ಗೆರೆಯನ್ನು ನೇಲ್ ಕಟರಿನಲ್ಲಿ ನಾನೇ ತೆಗೆದೆ.

“ಭಾಳ ಗಟ್ಟಿ ಬಣ್ಣ ಕಣೇ,” ಎಂದಳು ಅತ್ತೆ. ಸೋಲುವವಳಲ್ಲ.

ಮರುವಾರ ರಾಮಾಂಜನೇಯನ ಮಗ್ಗದಲ್ಲಿ ಹೊಸ ಹಾಸು ಕೆಚ್ಚಿ ಮುಗಿಸಿ ನನ್ನನ್ನು ಕರೆಸಿದಳು. “ಮುಟ್ಟು ಇಲ್ಲಿ. ಕೂಡಿಸಿದ್ದು ಸಿಗ್ತದಾ?”

ಕಣ್ಣು ಮುಚ್ಚಿ ರೇಷ್ಮೆಯ ಮೇಲೆ ಬೆರಳಾಡಿಸಿದೆ. ಎಲ್ಲಿಯೂ ಗಂಟು ಸಿಗಲಿಲ್ಲ.

“ಇಲ್ಲ ಅತ್ತೆ,” ಎಂದೆ ಮೆಲ್ಲಗೆ.

“ಡಾಕ್ಟ್ರ ಮುಂದೆ ಹೇಳ್ದಂಗೆ ಹೇಳೇ. ರಾಮಾಂಜನೇಯಂಗೂ ಕೇಳ್ಲಿ.”

ಅವಳಿಗಾಗಿ ಜೋರಾಗಿಯೇ ಹೇಳಿದೆ.