ಏಳು ಊದಿನಕಡ್ಡಿ

ಲೀಯು ಪುಕ್ಕಲಿ ಎಂದು ಊರಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ. ಬಿಟ್ಟಿದ್ದರೆ ಅವಳು ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ಇಪ್ಪತ್ತು ವರ್ಷದಿಂದ ಕೈಯಲ್ಲಿ ಲೋಹ ಹುಡುಕುವ ಯಂತ್ರ, ಕಿವಿಗೆ ಹೆಡ್‌ಫೋನ್, ಸೊಂಟಕ್ಕೆ ಗಾರೆಯವರ ಕರಣೆ ಸಿಕ್ಕಿಸಿಕೊಂಡು ಕ್ವಾಂಗ್ ಚಿ ಸೀಮೆಯ ಗುಡ್ಡಗಳನ್ನು ಸುತ್ತಿದವಳು. ಯುದ್ಧ ಬಿಟ್ಟುಹೋದ ಕಬ್ಬಿಣವನ್ನು ನೆಲದಿಂದ ಎಬ್ಬಿಸಿ ಗುಜರಿಗೆ ಹಾಕಿ ಮಗಳ ಮದುವೆಯನ್ನೂ ಮಾಡಿದವಳು. ಆದರೂ ಅವಳಿಗೆ ಹೆದರಿಕೆಯಿತ್ತು, ಒಂದೇ ಒಂದು ಸದ್ದಿನ ಹೆದರಿಕೆ.

ನೆಲದಲ್ಲಿ ಕಬ್ಬಿಣವಿದ್ದರೆ ಯಂತ್ರ ಗೊರಗೊರ ಎನ್ನುತ್ತದೆ. ಅಲ್ಯೂಮಿನಿಯಂ ಇದ್ದರೆ ನಾಯಿಮರಿಯ ಹಾಗೆ ಕುಂಯ್ ಎನ್ನುತ್ತದೆ. ಈ ಕಸುಬಿನವರಿಗೆ ಆ ಕುಂಯ್ ಕೇಳಿದರೆ ಹಬ್ಬ. ಸೈನಿಕರ ನೀರಿನ ಬಾಟಲಿ, ಬಾಚಣಿಗೆ, ಅನ್ನದ ಬಟ್ಟಲು ಎಲ್ಲವೂ ಅಲ್ಯೂಮಿನಿಯಂ, ಗುಜರಿಯಲ್ಲಿ ಕಬ್ಬಿಣಕ್ಕಿಂತ ಹೆಚ್ಚು ಬೆಲೆ. ಆದರೆ ಆ ಹಾಳು ಎಪ್ಪತ್ತೊಂಬತ್ತರ ಮೂತಿಯೂ ಅಲ್ಯೂಮಿನಿಯಮ್ಮೇ! ಎಪ್ಪತ್ತೊಂಬತ್ತು ನಂಬರಿನ ಕೋವಿಯಿಂದ ಹಾರಿಸುವ, ಕೋಳಿಮೊಟ್ಟೆಗಿಂತ ತುಸು ದಪ್ಪನೆಯ ಸಿಡಿಗುಂಡು ಅದು. ಅಮೆರಿಕದವರು ಹಾರಿಸಿದ್ದು, ಅಂದು ಸಿಡಿಯದೆ ಮಣ್ಣು ಹೊದ್ದು ಮಲಗಿದ್ದು. ಐದು ವರ್ಷದ ಹಿಂದೆ ಅವಳ ಗಂಡ ಲಾಮ್ ಆ ಕುಂಯ್ ಕೇಳಿ, ನಗುನಗುತ್ತಾ ಕೂತು ಅಗೆದಿದ್ದ. ಅವನನ್ನು ಮನೆಗೆ ತಂದದ್ದು ಅಕ್ಕಿಯ ಚೀಲದಲ್ಲಿ.

ಅಂದಿನಿಂದ ಆ ಸದ್ದು ಬಂದ ಕಡೆ ಲೀಯು ಯಂತ್ರ ಎತ್ತಿಕೊಂಡು, ಕಾಲು ಅಗಲ ಹಾಕಿ ದಾಟಿಬಿಡುತ್ತಿದ್ದಳು. ಇದನ್ನು ಹೆತ್ತ ಮಗಳಿಗೂ ಹೇಳಿರಲಿಲ್ಲ.

ಅಂಥವಳು ಮೂಯಿ ಅಜ್ಜಿಯ ಕೆಲಸ ಒಪ್ಪಿಕೊಳ್ಳಲೇಬಾರದಿತ್ತು. ಎಂಬತ್ತರ ಮುದುಕಿ, ದೂರದ ನಾಮ್ ದಿನ್‌ನಿಂದ ರೈಲು ಹತ್ತಿ ಬಂದಿದ್ದಳು. ಅರವತ್ತೆಂಟನೇ ಇಸವಿಯಲ್ಲಿ ಅವಳ ಮಗ ದ್ವಾನ್ ಈ ಬೋಳುಗುಡ್ಡದ ಮೇಲೆ ಸತ್ತಿದ್ದ. ಜೊತೆಗಿದ್ದ ಸೈನಿಕನೊಬ್ಬ ಈಚೆಗೆ ನಕಾಶೆ ಬರೆದು ಕಳಿಸಿದ್ದ: ಬಂಡೆಯ ಬಡಗಣ ಇಳಿಜಾರಿನಲ್ಲಿ ನಾಲ್ವರನ್ನು ಹೂತೆವು, ಪ್ರತಿಯೊಬ್ಬನ ತಲೆಯ ಬಳಿ ಹೆಸರು ಕೆತ್ತಿದ ಅವನವನ ನೀರಿನ ಬಾಟಲಿ ಇಟ್ಟೆವು. ಆ ಕಾಗದವನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತ ಮುದುಕಿಗೆ ಆಗುವುದಿಲ್ಲ ಎನ್ನಲು ಲೀಯುಗೆ ನಾಲಿಗೆ ಹೊರಳಲಿಲ್ಲ.

ಗುಡ್ಡದ ಮೇಲೆ ಹುಡುಕಾಟದ ಮೂರನೆಯ ದಿನ, ಮಧ್ಯಾಹ್ನ. ಲಾವೋಸ್ ಕಡೆಯ ಬಿಸಿಗಾಳಿ ಮುಖ ಸುಡುತ್ತಿತ್ತು. ಮರುದಿನ ಅಜ್ಜಿಯ ರೈಲು.

“ಏನಾದ್ರೂ ಸಿಕ್ತೇನೇ?” ಎಂದಳು ಅಜ್ಜಿ, ಎಲೆಅಡಿಕೆ ಜಗಿಯುತ್ತ.

“ಇಲ್ಲಮ್ಮಾ. ಬರೀ ಕಬ್ಬಿಣದ ಚೂರು.”

“ಹೌದಾ? ಮತ್ತೆ ಈಗಷ್ಟೇ ಹಳ್ಳ ದಾಟೋಳ ಹಾಗೆ ಕಾಲು ಹಾಕಿದ್ಯಲ್ಲ, ಅಲ್ಲಿ ಯಾವ ಹಳ್ಳ ಇದೆ?”

ಲೀಯು ಹೆಡ್‌ಫೋನ್ ಇಳಿಸಿ ತಿರುಗಿ ನೋಡಿದಳು. ಅವಳು ದಾಟಿಬಂದ ಜಾಗದಲ್ಲಿ ಒಂದು ಊದಿನಕಡ್ಡಿ ಹೊಗೆಯಾಡುತ್ತಿತ್ತು. ಅದರಾಚೆ, ಹುಲ್ಲಿನ ನಡುವೆ, ಉರಿದು ಮುಗಿದ ಕೆಂಪು ಕಡ್ಡಿಗಳ ಮೋಟುಗಳು. ಮೊನ್ನೆಯವು ಎರಡು, ನಿನ್ನೆಯವು ನಾಲ್ಕು. ಒಟ್ಟು ಏಳು. ಅವಳು ಕುಂಯ್ ಕೇಳಿ ದಾಟಿದ ಏಳೂ ಜಾಗ.

“ನಿಂಗೆ ಅಲ್ಲೆಲ್ಲ ಯಾರೋ ಕಾಣಿಸ್ತಾರೆ ಅಂದ್ಕೊಂಡೆ ಕಣೇ,” ಎಂದಳು ಅಜ್ಜಿ. “ಸತ್ತೋರನ್ನ ತುಳೀಬಾರ್ದು ಅಂತ ದಾಟ್ತಾಳೆ, ಒಳ್ಳೆ ಹುಡುಗಿ ಅಂತ. ಅದಕ್ಕೇ ನಿನ್ನ ಹಿಂದೇನೇ ಬಂದು ಒಂದೊಂದು ಕಡ್ಡಿ ಚುಚ್ಚಿದೆ.”

ಚುಚ್ಚಿದೆ! ಲೀಯು ಏಳೂ ಕಡ್ಡಿಗಳನ್ನು ಮತ್ತೊಮ್ಮೆ ಎಣಿಸಿದಳು. ನಾಲ್ಕು ಬಾಟಲಿ, ಏಳು ಸದ್ದು. ಉಳಿದ ಮೂರು ಏನು? ಈ ಮುದುಕಿ ಮೂರು ದಿನದಿಂದ ಸಾವಿನ ನೆತ್ತಿಯ ಮೇಲೆ ಹೆಬ್ಬೆಟ್ಟು ಒತ್ತಿ ಊದಿನಕಡ್ಡಿ ನೆಡುತ್ತಿದ್ದಳು.

“ಅಯ್ಯೋ ಅಮ್ಮಾ, ಅಲ್ಲೇ ನಿಲ್ಲಿ! ಕಾಲು ಎತ್ತಬೇಡಿ!”

ನಿಂತಲ್ಲೇ ಎಲ್ಲ ಹೇಳಿಬಿಟ್ಟಳು. ಲಾಮ್‌ನನ್ನು, ಅಕ್ಕಿಯ ಚೀಲವನ್ನು, ಹೆರಿಗೆ ಹತ್ತಿರವಾದ ಮಗಳನ್ನು, ಮೂರು ದಿನದ ಸುಳ್ಳನ್ನು. ಹೇಳುವಾಗ ನಾಚಿಕೆಯಿಂದ ಅಳು ಬಂತು. ಅಜ್ಜಿ ಬೈಯಲಿಲ್ಲ. ಪಕ್ಕಕ್ಕೆ ತಿರುಗಿ ಕೆಂಪಗೆ ಉಗುಳಿ, ಮಡಿಲಿನಿಂದ ಅಡಿಕೆ ಕತ್ತರಿಸುವ ಚಾಕು ತೆಗೆದು, ಹೊಗೆಯಾಡುವ ಕಡ್ಡಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆರೆಯತೊಡಗಿದಳು.

ಲೀಯು ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಮುದುಕಿಯ ಮಣಿಕಟ್ಟು ಹಿಡಿದಳು.

“ಬಿಡೇ! ಸಿಡಿದ್ರೆ ನಾನು ಮಗನ ಹತ್ರ ಹೋಗ್ತೀನಿ. ಸಿಡೀದಿದ್ರೆ ಮಗ ನನ್ನ ಹತ್ರ ಬರ್ತಾನೆ. ನಂಗೇನು ನಷ್ಟ?”

“ಮೇಲಿಂದ ಕೆರೀತಾರಾ ಯಾರಾದ್ರೂ? ಪಕ್ಕದಿಂದ ಅಗೀಬೇಕು, ಪಕ್ಕದಿಂದ! ಏಳಿ, ಎದ್ದು ಆ ಬಂಡೆ ಹಿಂದೆ ಹೋಗಿ. ನಾ ಕರೆಯೋವರೆಗೂ ತಲೆ ಹೊರಗೆ ಹಾಕ್ಬೇಡಿ.”

ಮಾತು ಬಾಯಿಂದ ಹೊರಟ ಮೇಲೆಯೇ ಲೀಯುಗೆ ತಾನು ಏನು ಒಪ್ಪಿಕೊಂಡೆ ಎಂಬುದು ಹೊಳೆದದ್ದು. ಮುಂದಿನ ತಿಂಗಳು ಮಗಳ ಹೆರಿಗೆ. ಬಾಣಂತನಕ್ಕೆ ಇವಳನ್ನು ಬಿಟ್ಟರೆ ಬೇರೆ ಯಾರಿದ್ದಾರೆ?

ಒಂದು ಮೊಳ ದೂರದಿಂದ ಕರಣೆ ಹಾಕಿದಳು. ಬೊಗಸೆ ಮಣ್ಣು ತೆಗೆದಳು, ಉಸಿರು ಬಿಟ್ಟಳು. ಮತ್ತೆ ಬೊಗಸೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳುವ ಧೈರ್ಯವಿಲ್ಲ. ಮೊಣಕೈವರೆಗೆ ತೋಡಿದಾಗ ಬೆರಳಿಗೆ ಏನೋ ತಾಗಿತು. ನುಣ್ಣಗೆ, ದುಂಡಗೆ, ತಣ್ಣಗೆ.

ಬಾಟಲಿಯ ಹೆಗಲೂ ದುಂಡಗೆ. ಎಪ್ಪತ್ತೊಂಬತ್ತರ ಮೂತಿಯೂ ದುಂಡಗೆ. ಲಾಮ್ ಹೇಳುತ್ತಿದ್ದ: ‘ಬಾಟಲಿಯಾದ್ರೆ ಕುತ್ತಿಗೇಲಿ ಮುಚ್ಚಳ ತಿರುಗಿಸೋ ತಿರುಪಿನ ಗೆರೆ ಇರುತ್ತೆ. ಗೆರೆ ಸಿಕ್ರೆ ಉಸಿರಾಡು. ಸಿಗದಿದ್ರೆ ಕೈ ಹಿಂದಕ್ಕೆ ತಗೊಂಡು ದೇವರನ್ನ ನೆನೆದು ಎದ್ದು ಹೋಗು.’ ಹೇಳಿದವನೇ ಎದ್ದು ಹೋಗಲಿಲ್ಲವಲ್ಲ!

ಬೆರಳನ್ನು ಕೂದಲೆಳೆಯಷ್ಟು ಜರುಗಿಸಿದಳು. ನುಣುಪು. ಇನ್ನೂ ನುಣುಪು. ಕೈ ಎಳೆದುಕೊಳ್ಳಬೇಕು. ಎಳೆದುಕೊಳ್ಳಲಿಲ್ಲ. ಇನ್ನೊಂದು ಕೂದಲೆಳೆ. ಉಗುರಿಗೆ ಏನೋ ತಡೆಯಿತು. ಒಂದು ಗೆರೆ. ಅದರ ಪಕ್ಕ ಇನ್ನೊಂದು. ತಿರುಪು! ಲೀಯು ಕೆನ್ನೆಯನ್ನು ಮಣ್ಣಿಗಿಟ್ಟು ಬಿಕ್ಕಿಬಿಕ್ಕಿ ಅತ್ತಳು.

ಅಜ್ಜಿ ಕರೆಯುವ ಮೊದಲೇ ಬಂದು ನಿಂತಿದ್ದಳು. ನಜ್ಜುಗುಜ್ಜಾದ ಬಾಟಲಿಯನ್ನು ತಲೆವಸ್ತ್ರದಿಂದ ಒರೆಸಿ, ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು, ಕೆತ್ತಿದ ಹೆಸರಿನ ಮೇಲೆ ಬೆರಳಾಡಿಸಿದಳು.

“ನಂಗೆ ಓದೋಕೆ ಬರಲ್ಲ. ಏನಂತ ಇದೆ, ಓದೇ.”

ಲೀಯು ನೋಡಿದಳು. ಇಂಗ್ಲಿಷಿನಂಥ ಬಿಡಿಬಿಡಿ ಅಕ್ಷರಗಳಲ್ಲಿ Kha, ಖಾ; ಕೆಳಗಿನ ಸಾಲಿನಲ್ಲಿ ಥಾಯ್ ಬಿನ್ ಪ್ರಾಂತ್ಯ. Doan, ದ್ವಾನ್, ಅಲ್ಲ.

ದ್ವಾನ್ ಎಂದುಬಿಟ್ಟರೆ? ಮುದುಕಿ ಮಗನನ್ನು ಕರೆದುಕೊಂಡು ನಾಳೆ ರೈಲು ಹತ್ತುತ್ತಾಳೆ. ಇನ್ನಾರು ಜಾಗವನ್ನು ಯಾರೂ ಕೆದಕುವುದಿಲ್ಲ. ಮೂರು ದಿನ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಭಾರವೇ? ದ್ವಾನ್ ಎನ್ನಲು ಬಾಯಿ ತೆರೆದೂ ಬಿಟ್ಟಳು. ಅಷ್ಟರಲ್ಲಿ ಥಾಯ್ ಬಿನ್‌ನ ಯಾವುದೋ ಬಾಗಿಲಲ್ಲಿ ಹೀಗೆಯೇ ಕಾಗದ ಹಿಡಿದು ನಿಂತ ಇನ್ನೊಬ್ಬ ಮುದುಕಿ ಕಣ್ಣ ಮುಂದೆ ಬಂದಳು.

“ಖಾ ಅಂತಿದೆ,” ಎಂದಳು. “ನಿಮ್ಮ ಮಗ ಅಲ್ಲಮ್ಮಾ.”

ಅಜ್ಜಿ ತಲೆಯಾಡಿಸಿದಳು. “ಗೊತ್ತು ಕಣೇ. ಓದೋಕೆ ಬರದಿದ್ರೂ ಎಣಿಸೋಕೆ ಬರುತ್ತೆ. ನನ್ನ ಮಗನ ಹೆಸರಿಗೆ ನಾಲ್ಕು ಅಕ್ಷರ. ಇದರ ಮೇಲಿನ ಸಾಲಲ್ಲಿ ಮೂರೇ ಇದಾವೆ. ನೀನು ಏನು ಹೇಳ್ತೀಯ ನೋಡೋಣ ಅಂತ ಕೇಳ್ದೆ.” ಬಾಟಲಿಯನ್ನು ವಸ್ತ್ರದಲ್ಲಿ ಸುತ್ತಿದಳು. “ಇವನ ತಾಯಿಗೆ ಕಾಗದ ಬರೆಸೋಣ. ಕೊಡು ಆ ಕರಣೆ. ಪಕ್ಕದಿಂದ ತಾನೆ? ನಾನು ಅಗೀತೀನಿ. ನೀನು ಮನೆಗೆ ಹೋಗು, ಮಗಳ ಬಾಣಂತನ ಮಾಡಬೇಕು ನೀನು.”

ಲೀಯು ಕರಣೆ ಕೊಡಲಿಲ್ಲ. “ನಾಳೆ ನಿಮ್ಮ ರೈಲು?”

“ರೈಲು ದಿನಾ ಹೋಗುತ್ತೆ.”

ಇನ್ನು ಆರು ಕಡ್ಡಿ, ಮೂರು ಬಾಟಲಿ. ಲೀಯು ಆ ಲೆಕ್ಕ ಬಿಡಲು ನೋಡಿದಳು, ಲೆಕ್ಕ ಅವಳನ್ನು ಬಿಡಲಿಲ್ಲ.

“ಇನ್ನೊಂದು ಕಡ್ಡಿ ಹಚ್ಚಿ, ಇಲ್ಲೇ, ನನ್ನ ಹತ್ರ,” ಎಂದಳು. “ನನ್ನ ಗಂಡನ ಹೆಸರಲ್ಲಿ. ಆಮೇಲೆ ಬಂಡೆ ಹಿಂದೆ ಕೂತ್ಕೊಳ್ಳಿ. ಈ ಸಲ ಕರೆಯೋಕೆ ಮುಂಚೆ ಬಂದ್ರೆ ನೋಡಿ ಮತ್ತೆ!”

ಅಜ್ಜಿಯ ಹೆಜ್ಜೆ ಸದ್ದು ಬಂಡೆಯ ಹಿಂದೆ ಅಡಗುವವರೆಗೂ ಕಾದು, ಆರನೆಯ ಕಡ್ಡಿಯ ಮೋಟಿನಿಂದ ಒಂದು ಮೊಳ ಆಚೆ ಮಂಡಿಯೂರಿದಳು. ಕೈ ಗಡಗಡ ನಡುಗುತ್ತಿತ್ತು. ನಡುಕ ನಿಲ್ಲಲಿ ಎಂದು ಸ್ವಲ್ಪ ಹೊತ್ತು ನೋಡಿದಳು. ನಿಲ್ಲಲಿಲ್ಲ. ನಡುಗುವ ಕೈಯಲ್ಲೇ ಕರಣೆ ಹಾಕಿದಳು.